ಬಂದೂಕಿಗೂ ಒಂದು ಚಾಸಿ

ಹೊಸೂರು ರಸ್ತೆಯಲ್ಲಿ ಓಡಾಡಿದವರು ಇದನ್ನು ನೋಡಿಯೇ ಇರುತ್ತಾರೆ. ಬಾಗಿಲಿಲ್ಲ, ಚಾವಣಿ ಇಲ್ಲ, ಹಿಂದೆ ಬಾಡಿ ಇಲ್ಲ. ಎರಡು ಉದ್ದನೆಯ ಉಕ್ಕಿನ ತೊಲೆ, ಎಂಜಿನ್ನು, ಚಕ್ರ, ಅಷ್ಟೆ. ಮುಂದೆ ಒಂದು ಸೀಟು ಬಿಗಿದುಕೊಂಡು, ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಗಾಳಿಗೆ ಮುಖ ಕೊಟ್ಟು ಹೋಗುತ್ತಿರುತ್ತಾನೆ. ಫ್ಯಾಕ್ಟರಿಯಿಂದ ಬಾಡಿ ಕಟ್ಟುವ ಶೆಡ್ಡಿಗೆ ಹೊರಟ ಲಾರಿ. ನಾವು ಅದನ್ನು ಚಾಸಿ ಅನ್ನುತ್ತೇವೆ.

ರೈಫಲ್ ಸ್ಪರ್ಧೆಗಳ ಮಂದಿಯೂ ಇದೇ ಪದ ಬಳಸುತ್ತಾರೆ ಅಂತ ನನಗೆ ಗೊತ್ತಾಗಿದ್ದು ಟೆಕ್ಸಸ್‌ನಲ್ಲಿರುವ ಗೆಳೆಯನಿಂದ. ಅವನು ಮಡಿಕೇರಿ ಕಡೆಯವನು. ಕೈಲ್ ಮುಹೂರ್ತದ ದಿನ ಬಂದೂಕಿಗೆ ಹೂವಿಟ್ಟು ಪೂಜೆ ಮಾಡುವುದನ್ನು, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವನು. ಈಗ ಅಲ್ಲಿ ದೂರದ ಉಕ್ಕಿನ ತಟ್ಟೆಗಳಿಗೆ ಹೊಡೆಯುವ ಸ್ಪರ್ಧೆಗೆ ಹೋಗುತ್ತಾನೆ. ಕಳೆದ ಸಲ ನಾನು ಹೋದಾಗ ಅವನ ರೈಫಲ್ ನೋಡಿ ಬೆಚ್ಚಿದೆ. ಮರದ ಚೂರೂ ಇಲ್ಲ. ಲೇತ್ ಮಷೀನಿನಿಂದ ಎದ್ದು ಬಂದ ಹಾಗಿತ್ತು. ಎತ್ತಿ ನೋಡಿದರೆ ಹತ್ತು ಕೆ.ಜಿ.

ಲಾರಿಯಲ್ಲಿ ಇದ್ದ ಹಾಗೆಯೇ ಇಲ್ಲೂ ಚಾಸಿ ಅಂದರೆ ಎಲ್ಲವನ್ನೂ ಬಿಗಿಯುವ ಬೆನ್ನೆಲುಬು. ನಳಿಗೆ ಮತ್ತು ಅದರ ಹಿಂದಿನ ಆಕ್ಷನ್, ಅಂದರೆ ತೋಟಾವನ್ನು ನಳಿಗೆಯೊಳಗೆ ತಳ್ಳುವ ಬೋಲ್ಟ್ ಓಡಾಡುವ ಉಕ್ಕಿನ ಕೊಳವೆ, ಇವೆರಡೂ ಚಾಸಿಯ ಮೇಲೆ ಕೂರುತ್ತವೆ. ಕೆನ್ನೆ ಒರಗಿಸುವ ತುಂಡು, ಭುಜಕ್ಕೆ ತಾಗುವ ತುಂಡು, ಹಿಡಿ, ಮ್ಯಾಗಜೀನು ಎಲ್ಲ ಅದಕ್ಕೇ ಅಂಟಿಕೊಳ್ಳುತ್ತವೆ. ಮೊದಲು ಈ ಕೆಲಸವನ್ನೆಲ್ಲ ಒಂದೇ ಮರದ ತುಂಡು ಮಾಡುತ್ತಿತ್ತು.

ಹಾಗಾದರೆ ಮರದ ತಪ್ಪೇನು? ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದಲ್ಲ, ಅದೇ ತಪ್ಪು. ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಎಳೆಯ ಉದ್ದಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ, ಅಡ್ಡಕ್ಕೆ ಜಾಸ್ತಿ. ಬೇಸಿಗೆಯಲ್ಲಿ ನಳಿಗೆಯಿಂದ ದೂರ ಇದ್ದ ಮರ ಶ್ರಾವಣದಲ್ಲಿ ಬಂದು ನಳಿಗೆಯನ್ನು ಒತ್ತುತ್ತದೆ. ಗುಂಡು ಹಾರುವಾಗ ನಳಿಗೆ ತಂತಿಯ ಹಾಗೆ ಕಂಪಿಸುತ್ತಿರುತ್ತದೆ. ತಂಬೂರಿಯ ತಂತಿಗೆ ಬೆರಳು ತಾಗಿದರೆ ಸ್ವರ ಬದಲಾಗುವಂತೆ, ಮರ ತಾಗಿದರೆ ನಳಿಗೆಯ ಕಂಪನವೂ ಬದಲಾಗುತ್ತದೆ. ಗುಂಡು ಬೇರೆ ಕಡೆ ಹೋಗುತ್ತದೆ. ಅದಕ್ಕೇ ಹಳಬರು ನಳಿಗೆಗೂ ಮರಕ್ಕೂ ನಡುವೆ ಒಂದು ನೋಟು ತೂರಿಸಿ ಎಳೆದು ನೋಡುವುದು. ಎಲ್ಲೂ ಸಿಕ್ಕಿಕೊಳ್ಳದೆ ಆಕ್ಷನ್ ತನಕ ಹೋದರೆ ಸರಿ. ಹತ್ತು ರೂಪಾಯಿ ನೋಟೂ ಆದೀತು, ಡಾಲರೂ ಆದೀತು.

ಲೋಹ ಏನೂ ಸಾಧು ಅಲ್ಲ. ಬಿಸಿಲಿಗೆ ಉಕ್ಕಿಗಿಂತ ಅಲ್ಯುಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದು ಮೀಟರ್ ಪಟ್ಟಿ 10 ಡಿಗ್ರಿ ಬಿಸಿಯಾದರೆ 0.23 ಮಿ.ಮೀ. ಉದ್ದವಾಗುತ್ತದೆ. ಆದರೆ ಅದು ಹಿಗ್ಗುವುದಕ್ಕೆ ಲೆಕ್ಕ ಇದೆ. ತಣ್ಣಗಾದರೆ ಮೊದಲಿನ ಜಾಗಕ್ಕೇ ಬರುತ್ತದೆ. ಮರದ ಸೊಟ್ಟತನಕ್ಕೆ ಲೆಕ್ಕ ಇಡುವುದು ಕಷ್ಟ.

ಈ ಬದಲಾವಣೆಯ ಹಿಂದೆ ಒಬ್ಬ ಒಲಿಂಪಿಕ್ ಶೂಟರ್ ಇದ್ದಾನೆ. ಬ್ರಿಟನ್ನಿನ ಮಾಲ್ಕಮ್ ಕೂಪರ್ 1984ರ ಲಾಸ್ ಏಂಜಲೀಸ್ ಮತ್ತು 1988ರ ಸೋಲ್, ಎರಡೂ ಒಲಿಂಪಿಕ್ಸ್‌ನಲ್ಲಿ ಮೂರು ಭಂಗಿಯಲ್ಲಿ ಹೊಡೆಯುವ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಚಿನ್ನ ಗೆದ್ದವನು. ಅದಕ್ಕೂ ಮೊದಲು, 1978ರಲ್ಲಿ ಗೆಳೆಯರ ಜೊತೆ ಸೇರಿ ಆಕ್ಯುರೆಸಿ ಇಂಟರ್‌ನ್ಯಾಷನಲ್ ಎಂಬ ಕಂಪನಿ ಶುರು ಮಾಡಿದ್ದ. ಅವರು ಮರವನ್ನು ಬಿಟ್ಟೇಬಿಟ್ಟರು. ಉದ್ದಕ್ಕೂ ಒಂದು ಅಲ್ಯುಮಿನಿಯಂ ಬೆನ್ನೆಲುಬು, ಅದರ ಮೇಲೆ ಆಕ್ಷನ್ ಅನ್ನು ಅಂಟಿಸಿ ಬೋಲ್ಟು ಹಾಕಿ ಬಿಗಿಯುವುದು, ಹೊರಗೆ ಎರಡು ಪ್ಲಾಸ್ಟಿಕ್ ಚಿಪ್ಪು. 1980ರ ದಶಕದಲ್ಲಿ ಬ್ರಿಟಿಷ್ ಸೇನೆ ಇದನ್ನು ಎಲ್96 ಹೆಸರಿನಲ್ಲಿ ತೆಗೆದುಕೊಂಡಿತು. ಆಮೇಲೆ ಅದೇ ಕಂಪನಿ ರೆಮಿಂಗ್ಟನ್ 700 ರೈಫಲ್ಲಿಗೆ ಬಿಡಿ ಚಾಸಿ ಮಾಡಿ ಮಾರಿತು. ಆ ಚಾಸಿಗೆ ಮಾಡಿದ ಮ್ಯಾಗಜೀನಿನ ಅಳತೆಯನ್ನೇ ಇವತ್ತು ಬೇರೆ ಕಂಪನಿಗಳೂ ಅನುಸರಿಸುತ್ತವೆ.

ಈಗ ಒಂದು ತಕರಾರು. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂತಿರುವುದು ಆಕ್ಷನ್ ಮೇಲೆ. ನಳಿಗೆಯೂ ಆಕ್ಷನ್ನಿಗೇ ಬಿಗಿದಿದೆ. ಕೆಳಗಿನ ಚಾಸಿಯಲ್ಲಿ ಆಕ್ಷನ್ ಸ್ವಲ್ಪ ಅಲುಗಿದರೆ ಎರಡೂ ಒಟ್ಟಿಗೇ ಅಲುಗುತ್ತವೆ, ಗುರಿ ತಪ್ಪುವುದು ಹೇಗೆ? ನಾನೂ ಇದನ್ನೇ ಕೇಳಿದೆ. ಗುರಿ ಹಿಡಿಯುವಾಗ ಏನೂ ತಪ್ಪುವುದಿಲ್ಲ. ತಪ್ಪುವುದು ಮದ್ದು ಹೊತ್ತಿದ ಮೇಲೆ.

ಈ ಸ್ಪರ್ಧೆಗಳಲ್ಲಿ ಬಳಸುವ ಆರು ಮಿ.ಮೀ. ಗುಂಡು ಸುಮಾರು 7 ಗ್ರಾಂ ತೂಗುತ್ತದೆ, ಸೆಕೆಂಡಿಗೆ 870 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಬರುತ್ತದೆ. ನಳಿಗೆಯೊಳಗೆ ಅದು ಇರುವುದು ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು. ಕಣ್ಣು ಮಿಟುಕಿಸಲು ಅದರ ನೂರರಷ್ಟು ಹೊತ್ತು ಬೇಕು. ಅಷ್ಟರಲ್ಲೇ ರೈಫಲ್ ಹಿಂದಕ್ಕೆ ಹೊರಟಿರುತ್ತದೆ. ಲೆಕ್ಕ ಹಾಕಿದರೆ ಹತ್ತು ಕೆ.ಜಿ. ರೈಫಲ್ ಅರ್ಧ ಮಿ.ಮೀ. ಸರಿದಿರುತ್ತದೆ, ಐದು ಕೆ.ಜಿ.ಯದು ಒಂದು ಮಿ.ಮೀ. ಈ ಅರ್ಧ ಮಿ.ಮೀ. ಪಯಣ ಪ್ರತಿ ಸಲ ಒಂದೇ ದಾರಿಯಲ್ಲಿ ಆಗಬೇಕು. ನೆಟ್ಟಗೇ ಹೋಗಬೇಕೆಂದಿಲ್ಲ, ಸೊಟ್ಟಗಾದರೂ ಪರವಾಗಿಲ್ಲ, ಅದೇ ಸೊಟ್ಟ ಇರಬೇಕು. 65 ಸೆಂ.ಮೀ. ನಳಿಗೆಯ ತುದಿ ಒಂದು ಕೂದಲೆಳೆಯಷ್ಟು, 0.065 ಮಿ.ಮೀ., ಬೇರೆ ಕಡೆ ವಾಲಿದರೆ 900 ಮೀಟರ್ ಆಚೆ ಗುಂಡು 9 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ಚಾಸಿ ಗುರಿಯನ್ನು ಚುರುಕು ಮಾಡುತ್ತದೆ ಅನ್ನುವ ಜಾಹೀರಾತು ನನಗೆ ಒಪ್ಪಿಗೆಯಿಲ್ಲ. ಗುರಿ ಚುರುಕಾಗಿರುವುದು ನಳಿಗೆಯಲ್ಲಿ, ತೋಟಾದಲ್ಲಿ. ಚಾಸಿಯ ಕೆಲಸ ಅದನ್ನು ಕೆಡಿಸದೆ ಸುಮ್ನೆ ಕೂರಿಸುವುದು.

ಕೂರಿಸುವುದಕ್ಕೆ ಬಳಸುವ ಉಪಾಯ ನಮ್ಮ ಅಡುಗೆಮನೆಯದೇ. ನಾಲ್ಕು ಕಾಲಿನ ಸ್ಟೂಲು ಕುಂಟುತ್ತದೆ, ಮೂರು ಕಲ್ಲಿನ ಒಲೆಯ ಮೇಲಿಟ್ಟ ಮಡಕೆ ಕುಂಟುವುದಿಲ್ಲ. ನೆಲ ಹೇಗೇ ಇರಲಿ, ಮೂರು ಕಡೆ ತಾಗಿ ನಿಲ್ಲುತ್ತದೆ. ಆಕ್ಷನ್ ದುಂಡನೆಯ ಕೊಳವೆ. ಅದನ್ನು ದುಂಡನೆಯ ಗುಂಡಿಯಲ್ಲಿ ಕೂರಿಸಲು ಹೋದರೆ ಅಳತೆ ಕೂದಲಷ್ಟು ತಪ್ಪಿದರೂ ತೊಟ್ಟಿಲಿನಂತೆ ತೂಗುತ್ತದೆ. ಹಾಗಾಗಿ ಚಾಸಿಯಲ್ಲಿ ಇಂಗ್ಲಿಷಿನ ವಿ ಅಕ್ಷರದ ಆಕಾರದ ತಗ್ಗು ಕೊರೆಯುತ್ತಾರೆ. ಕೊಳವೆ ಎರಡು ಗೆರೆಯ ಮೇಲೆ ಮಾತ್ರ ತಾಗುತ್ತದೆ, ಬೇರೆಲ್ಲೂ ಇಲ್ಲ. ಕೆಳಗಿನಿಂದ ಎರಡು ಸ್ಕ್ರೂ ಎಳೆದು ಹಿಡಿಯುತ್ತವೆ. ಅವುಗಳ ಬಿಗಿ ಎಷ್ಟಿರಬೇಕು ಅಂತ ತಯಾರಕರು ಬರೆದಿರುತ್ತಾರೆ, ಸಾಮಾನ್ಯವಾಗಿ 65 ಇಂಚ್-ಪೌಂಡ್, ನಮ್ಮ ಲೆಕ್ಕದಲ್ಲಿ 7.3 ನ್ಯೂಟನ್ ಮೀಟರ್. ಅಂದಾಜಿನಲ್ಲಿ ತಿರುಗಿಸುವಂತಿಲ್ಲ, ಅಳೆಯುವ ಪಾನಾ ಬೇಕು.

ಗೆಳೆಯ ಅವತ್ತು ಬೆಳಗ್ಗೆ ಇದನ್ನೇ ಮರೆತಿದ್ದ. ಮೊದಲ ಸುತ್ತಿನಲ್ಲಿ ಎಂಟರಲ್ಲಿ ಮೂರೇ ಬಿತ್ತು. ಗಾಳಿ, ಅಂದ. ಎರಡನೇ ಸುತ್ತಿನಲ್ಲಿ ಎರಡು. ಬಿಸಿಲ ಝಳ, ಅಂದ. ಮೂರನೆಯದಕ್ಕೆ ಮುಂಚೆ ಪಕ್ಕದಲ್ಲಿದ್ದ ಮುದುಕನೊಬ್ಬ ಬಂದು ಮಾತಾಡದೆ ಆಕ್ಷನ್ನಿನ ಹಿಂದಿನ ಸ್ಕ್ರೂ ಮೇಲೆ ಕೀಲಿ ಇಟ್ಟು ತಿರುಗಿಸಿದ. ಮುಕ್ಕಾಲು ಸುತ್ತು ಸಲೀಸಾಗಿ ತಿರುಗಿತು! ಹಿಂದಿನ ರಾತ್ರಿ ಚಾಸಿ ಬಿಚ್ಚಿ ತೊಳೆದು, ಮತ್ತೆ ಹಾಕುವಾಗ ಕೈಬಿಗಿ ಮಾಡಿ ಮಲಗಿದ್ದನಂತೆ.

ಹತ್ತು ಕೆ.ಜಿ. ಯಾಕೆ ಅನ್ನುವುದು ಸ್ಪರ್ಧೆ ನೋಡಿದ ಮೇಲೆ ಅರ್ಥವಾಯಿತು. ಅಮೆರಿಕದಲ್ಲಿ 2012ರಲ್ಲಿ ಶುರುವಾದ ಪ್ರಿಸಿಷನ್ ರೈಫಲ್ ಸೀರೀಸ್ ಈ ಆಟಕ್ಕೆ ಈಗಿನ ರೂಪ ಕೊಟ್ಟಿತು. ಹಾಯಾಗಿ ಮಲಗಿ ಹೊಡೆಯುವ ಆಟ ಅಲ್ಲ. ಮರದ ಬೇಲಿ, ಹಳೇ ಟೈರು, ಏಣಿ, ಇಳಿಜಾರು ಸೂರು, ಇವುಗಳ ಮೇಲೆ ರೈಫಲ್ ಇಟ್ಟುಕೊಂಡು, ಒಂದೂವರೆ ಎರಡು ನಿಮಿಷದೊಳಗೆ ಜಾಗ ಬದಲಿಸುತ್ತಾ ಎಂಟು ಹತ್ತು ಗುಂಡು ಹೊಡೆಯಬೇಕು. ತಟ್ಟೆ ಮುನ್ನೂರು ಮೀಟರಲ್ಲೂ ಇರುತ್ತದೆ, ಸಾವಿರದ ಹತ್ತಿರವೂ ಇರುತ್ತದೆ. 900 ಮೀಟರ್ ಹೋಗಲು ಗುಂಡಿಗೆ ಸುಮಾರು ಒಂದೂವರೆ ಸೆಕೆಂಡು ಬೇಕು. ಠಣ್ ಅನ್ನುವ ಸದ್ದು ವಾಪಸ್ ಬರಲು ಇನ್ನೂ ಎರಡೂವರೆ. ಅಷ್ಟು ಕಾಯುವ ಪುರುಸೊತ್ತು ಯಾರಿಗಿದೆ? ತಪ್ಪಿದ ಗುಂಡು ಎಲ್ಲಿ ಧೂಳೆಬ್ಬಿಸಿತು ಅಂತ ತನ್ನ ಸ್ಕೋಪಿನಲ್ಲೇ ನೋಡಿ ಮುಂದಿನದನ್ನು ಸರಿ ಮಾಡಿಕೊಳ್ಳಬೇಕು. ಹಗುರ ರೈಫಲ್ ಒದ್ದು ಮೂತಿ ಎತ್ತಿದರೆ ಆ ಒಂದೂವರೆ ಸೆಕೆಂಡಿನಲ್ಲಿ ಆಕಾಶ ಕಾಣುತ್ತದೆ, ಧೂಳಲ್ಲ. ತೂಕ ಎರಡರಷ್ಟಾದರೆ ಹಿಂದೆ ಬರುವ ವೇಗ ಅರ್ಧ ಆಗುತ್ತದೆ, ಒದೆತದ ಶಕ್ತಿಯೂ ಅರ್ಧ. ತೂಕ ಬೇಕಾಗಿರುವುದು ನೋಡುವುದಕ್ಕೆ.

ಚಾಸಿ ಕೊಳ್ಳುವವರು ಎಡವುವುದು ಇಲ್ಲೇ. ಎಷ್ಟು ತೂಕ ಅಂತ ಕೇಳುತ್ತಾರೆ, ಎಲ್ಲಿ ತೂಕ ಅಂತ ಕೇಳುವುದಿಲ್ಲ. ಬೇಲಿಯ ಮೇಲೆ ಒಂದು ಮರಳಿನ ಚೀಲ, ಅದರ ಮೇಲೆ ರೈಫಲ್. ತೂಗುವ ಬಿಂದು ಚೀಲದ ಮೇಲೆ ಸರಿಯಾಗಿ ಬಿದ್ದರೆ ಮಾತ್ರ ಅದು ತಾನಾಗಿ ನಿಲ್ಲುತ್ತದೆ. ದಪ್ಪ ನಳಿಗೆ ಇದ್ದರೂ ಆಕ್ಷನ್, ಸ್ಕೋಪ್ ಎಲ್ಲ ಹಿಂದೆ ಇರುವುದರಿಂದ ಈ ಬಿಂದು ಎಷ್ಟೋ ಸಲ ಮ್ಯಾಗಜೀನಿಗೆ ಒತ್ತಿಕೊಂಡು ಇರುತ್ತದೆ, ಅಲ್ಲಿ ಚೀಲ ಇಡಲು ಜಾಗ ಸಾಲದು. ಅದನ್ನು 5 ಸೆಂ.ಮೀ. ಮುಂದಕ್ಕೆ ತರಬೇಕು ಅಂದುಕೊಳ್ಳಿ. ರೈಫಲ್ 10 ಕೆ.ಜಿ. ಬಿಂದುವಿನಿಂದ 40 ಸೆಂ.ಮೀ. ಮುಂದೆ, ಚಾಸಿಯ ಮೂತಿಯಲ್ಲಿ ತೂಕ ಸೇರಿಸಿದರೆ 1.4 ಕೆ.ಜಿ. ಸಾಕು. 20 ಸೆಂ.ಮೀ. ಮುಂದೆ ಸೇರಿಸಿದರೆ 3.3 ಕೆ.ಜಿ. ಬೇಕು. ಏತದ ಲೆಕ್ಕ, ಅಷ್ಟೆ. ಹಾಗಾಗಿ ಮೂತಿ ಉದ್ದ ಇರುವ, ತುದಿಯಲ್ಲಿ ತೂಕದ ಬಿಲ್ಲೆ ಕೂರಿಸಲು ತೂತು ಇರುವ ಚಾಸಿ ಒಳ್ಳೆಯದು. ಇದರಿಂದ ಇನ್ನೊಂದು ಲಾಭವೂ ಇದೆ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದನೆಯ ಕೋಲು ಹಿಡಿಯುತ್ತಾಳಲ್ವಾ? ತೂಕ ನಡುವಿನಿಂದ ದೂರ ಇದ್ದಷ್ಟೂ ಅದು ತಿರುಗಲು ಹಿಂಜರಿಯುತ್ತದೆ. ಎದೆ ಬಡಿತಕ್ಕೆ, ಉಸಿರಿಗೆ ರೈಫಲ್ ಬೇಗ ಅಲುಗುವುದಿಲ್ಲ.

ಚಾಸಿಯ ತಳದಲ್ಲಿ ಉದ್ದಕ್ಕೂ ಓಡುವ ಒಂದು ಹಳಿ ಇರುತ್ತದೆ, ಆರ್ಕಾ ಅನ್ನುತ್ತಾರೆ. ಇದು ಬಂದೂಕಿನ ಲೋಕದ್ದೇ ಅಲ್ಲ. ಕ್ಯಾಮೆರಾ ಟ್ರೈಪಾಡ್‌ನಿಂದ ಬಂದದ್ದು, ಆರ್ಕಾ-ಸ್ವಿಸ್ ಎಂಬ ಫೋಟೋಗ್ರಫಿ ಕಂಪನಿಯ ಹೆಸರು. ಮುಂಗಾಲನ್ನು, ಅಂದರೆ ರೈಫಲ್ಲಿನ ಮುಂದಿನ ಭಾಗ ಹೊರುವ ಎರಡು ಕಾಲಿನ ಆಸರೆಯನ್ನು, ಬೇಕಾದಲ್ಲಿಗೆ ಸರಿಸಿ ಒಂದೇ ಸನ್ನೆಯಲ್ಲಿ ಬಿಗಿಯಬಹುದು. ಚಾಸಿಯ ಪೂರ್ತಿ ಮೂತಿಗೆ ಇದು ಇದೆಯೋ, ಬರೀ ಗೇಣುದ್ದ ಇದೆಯೋ ನೋಡಿಕೊಳ್ಳಬೇಕು.

ದೇಹಕ್ಕೆ ಹೊಂದುವ ಮಾತು ಬಂದರೆ ಒಲಿಂಪಿಕ್ಸ್ ಕಡೆ ನೋಡಬೇಕು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. ನಿಂತೇ ಹೊಡೆಯಬೇಕು, ರೈಫಲ್ 5.5 ಕೆ.ಜಿ. ಮೀರುವಂತಿಲ್ಲ. ಅಲ್ಲಿ ತೂಕ ಸೇರಿಸಿ ಗೆಲ್ಲಲು ದಾರಿಯಿಲ್ಲ. ಆದ್ದರಿಂದ ಆ ರೈಫಲ್ಲುಗಳ ಅಲ್ಯುಮಿನಿಯಂ ಹಿಡಿ ನೋಡಿದರೆ ಸ್ಕ್ರೂಗಳ ಸಂತೆ. ಕೆನ್ನೆಯ ತುಂಡು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಭುಜದ ಕೊಕ್ಕೆ ಒಳಗೆ ಹೊರಗೆ, ಎಲ್ಲ ಮಿ.ಮೀ. ಲೆಕ್ಕದಲ್ಲಿ ಸರಿಯುತ್ತವೆ. ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ. ಅಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು, ಅಂದರೆ ಒಂದೇ ರೈಫಲ್ ಮೂರು ಭಂಗಿಗೂ ಹೊಂದಬೇಕು.

ಕೆನ್ನೆಯ ತುಂಡು ಯಾಕೆ ಅಷ್ಟು ಮುಖ್ಯ? ಸ್ಕೋಪಿನ ಹಿಂದೆ ಕಣ್ಣು ಪ್ರತಿ ಸಲ ಅದೇ ಜಾಗಕ್ಕೆ ಬರಬೇಕು. ಅದಕ್ಕೆ ಕತ್ತು ಎಳೆಯುವಂತಿದ್ದರೆ ಹತ್ತು ಗುಂಡಿಗೆ ಸ್ನಾಯು ಸೋಲುತ್ತದೆ. ಗೆಳೆಯ ಹೇಳಿಕೊಟ್ಟ ಪರೀಕ್ಷೆ ಸುಲಭ. ಕಣ್ಣು ಮುಚ್ಚಿ, ಕೆನ್ನೆ ಇಟ್ಟು, ಹಾಯಾಗಿ ಒರಗಿ. ಕಣ್ಣು ಬಿಡಿ. ಸ್ಕೋಪಿನ ವೃತ್ತ ಪೂರ್ತಿ ಬೆಳ್ಳಗೆ ಕಂಡರೆ ಎತ್ತರ ಸರಿ. ಅಂಚಿನಲ್ಲಿ ಕರಿ ಚಂದ್ರ ಕಂಡರೆ ತುಂಡನ್ನು ಸರಿಸಿ. ಖರೀದಿ ಮಾಡುವಾಗ ಈ ಸರಿಸುವ ಗುಂಡಿಗಳನ್ನು ಕೈಯಲ್ಲೇ ತಿರುಗಿಸಿ ನೋಡಬೇಕು. ಬಿಗಿ ಮಾಡಿದ ಮೇಲೂ ಲೊಡಲೊಡ ಅಂದರೆ ಆ ಚಾಸಿ ಎಷ್ಟೇ ಚೆಂದ ಇರಲಿ, ವಾಪಸ್ ಇಟ್ಟುಬಿಡಿ.

ಉಳಿದದ್ದು ಸಣ್ಣಪುಟ್ಟ. ನಿಮ್ಮ ಆಕ್ಷನ್ನಿನ ಅಳತೆಗೆ ಚಾಸಿ ಇದೆಯಾ ನೋಡಿ. ರೆಮಿಂಗ್ಟನ್ 700 ಅಳತೆಯವರಿಗೆ ಆಯ್ಕೆ ಜಾಸ್ತಿ, ಎಡಗೈಯವರಿಗೆ ಕಡಿಮೆ. ಬೆಲೆ ಕೆಲವು ನೂರು ಡಾಲರಿನಿಂದ ಒಂದೂವರೆ ಸಾವಿರ ದಾಟುತ್ತದೆ. ನನ್ನ ಕೇಳಿದರೆ ಹೊಸಬರು ನಡುವಿನದನ್ನು ತಗೊಂಡು ಮಿಕ್ಕಿದ್ದನ್ನು ತೋಟಾಗಳಿಗೆ ಹಾಕಬೇಕು. ಚಾಸಿ ಸವೆಯುವುದಿಲ್ಲ, ನಳಿಗೆ ಸವೆಯುತ್ತದೆ. ಇನ್ನು ಮರವೇ ಬೇಕು, ಕೈಗೆ ಬೆಚ್ಚಗಿರಬೇಕು ಅನ್ನುವವರೂ ಇದ್ದಾರೆ. ಪದರ ಪದರವಾಗಿ ಅಂಟಿಸಿದ ಮರ, ಫೈಬರ್, ಒಳಗೆ ಅಲ್ಯುಮಿನಿಯಂ ತುಂಡು ಹೂತ ಹಿಡಿಗಳು ಈಗಲೂ ಸ್ಪರ್ಧೆಗಳಲ್ಲಿ ಗೆಲ್ಲುತ್ತವೆ. ಟೆಕ್ಸಸ್ ಬಿಸಿಲಿಗೆ ಕಾದ ಅಲ್ಯುಮಿನಿಯಂ ಹಿಡಿದು ನಾನೂ ಒಮ್ಮೆ ಕೈ ಕೊಡವಿಕೊಂಡೆ, ಅವರ ಮಾತು ತಳ್ಳಿಹಾಕುವುದಿಲ್ಲ.

ಗೆಳೆಯ ಹೋದ ವರ್ಷ ಊರಿಗೆ ಹೋಗಿದ್ದಾಗ ಈ ರೈಫಲ್ಲಿನ ಫೋಟೋ ಸೋದರಮಾವನಿಗೆ ತೋರಿಸಿದನಂತೆ. ಅವರು ಮೂವತ್ತು ವರ್ಷದಿಂದ ತೆಂಗಿನಕಾಯಿಗೆ ಹೊಡೆಯುತ್ತಾ ಬಂದವರು, ನಿಂತು, ಯಾವ ಆಸರೆಯೂ ಇಲ್ಲದೆ, ಮರದ ಹಿಡಿಯ ಹಗುರ ಬಂದೂಕಿನಲ್ಲಿ. ಕನ್ನಡಕ ಏರಿಸಿ ಫೋಟೋ ನೋಡಿ, ತೂಕ ಎಷ್ಟು ಅಂತ ಕೇಳಿದರು. ಹತ್ತು ಕೆ.ಜಿ. ಅಂದ. "ಅಷ್ಟು ಹೊತ್ತು ನಿಲ್ಲೋ ಹೊತ್ತಿಗೆ ಕಾಯಿ ತಾನಾಗೇ ಉದುರುತ್ತೆ" ಅಂದು ಫೋನ್ ವಾಪಸ್ ಕೊಟ್ಟರಂತೆ.