ನ್ಯಾಷನಲ್ ರಿಜಿಸ್ಟರ್‌ನಲ್ಲಿರುವ ಮನೆ ಕೊಂಡರೆ ಕಿಟಕಿ ಬದಲಾಯಿಸೋಕೂ ಬಿಡಲ್ವಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಒಂದು ಹಳೇ ಮರದ ಮನೆ ನೋಡಿದ್ದೇವೆ. ಆ ಬೀದಿಯೆಲ್ಲ 'ನ್ಯಾಷನಲ್ ರಿಜಿಸ್ಟರ್ ಆಫ್ ಹಿಸ್ಟಾರಿಕ್ ಪ್ಲೇಸಸ್' ಎಂಬ ಅಮೆರಿಕ ಸರ್ಕಾರದ ಐತಿಹಾಸಿಕ ಜಾಗಗಳ ಪಟ್ಟಿಯಲ್ಲಿದೆಯಂತೆ. ಅಂಥ ಮನೆ ಕೊಂಡರೆ ಒಂದು ಮೊಳೆ ಹೊಡೆಯೋಕೂ ಸರ್ಕಾರದ ಅನುಮತಿ ಬೇಕು ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ಮೊಳೆ ಧೈರ್ಯವಾಗಿ ಹೊಡೆಯಿರಿ. ಮನೆ ಬರೀ ನ್ಯಾಷನಲ್ ರಿಜಿಸ್ಟರ್‌ನಲ್ಲಿದ್ದರೆ, ನಿಮ್ಮ ಸ್ವಂತ ದುಡ್ಡಿನಲ್ಲಿ ನೀವು ಮಾಡಿಸುವ ಕೆಲಸವನ್ನು ಆ ಪಟ್ಟಿ ತಡೆಯುವುದಿಲ್ಲ. ಕಿಟಕಿ ಬದಲಾಯಿಸಬಹುದು, ಬಣ್ಣ ಬದಲಾಯಿಸಬಹುದು. ಕೇಳಿದರೆ ಬೇಜಾರಾಗುತ್ತದೆ, ಆದರೆ ಪೂರ್ತಿ ಕೆಡವಿದರೂ ತಡೆಯುವ ಶಕ್ತಿ ಆ ಪಟ್ಟಿಗಿಲ್ಲ. ತಡೆಯುವವರು ಬೇರೆ ಇದ್ದಾರೆ. ಅವರು ವಾಷಿಂಗ್ಟನ್‌ನಲ್ಲಿಲ್ಲ, ನಿಮ್ಮ ಊರಿನ ಸಿಟಿ ಹಾಲ್‌ನಲ್ಲೇ ಇದ್ದಾರೆ.

ನಮ್ಮ ಕಡೆಯಿಂದ ಬಂದವರಿಗೆ ಇದನ್ನು ನಂಬುವುದು ಕಷ್ಟ. ಹಳೇಬೀಡಿನಲ್ಲೋ ಐಹೊಳೆಯಲ್ಲೋ ಪುರಾತತ್ವ ಇಲಾಖೆಯ ಬೋರ್ಡು ಬಿತ್ತು ಅಂದರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಏಳುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. 2010ರಲ್ಲಿ ಕೇಂದ್ರದ ಕಾನೂನಿಗೆ ಆದ ತಿದ್ದುಪಡಿ ಅದು. ಹಾಗಾಗಿ ಪಟ್ಟಿ ಅಂದರೆ ಬೇಲಿ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ.

ಅಮೆರಿಕದ ಪಟ್ಟಿ ಹುಟ್ಟಿದ ರೀತಿಯೇ ಬೇರೆ. 1963ರಲ್ಲಿ ನ್ಯೂಯಾರ್ಕಿನ ಭವ್ಯವಾದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಲು ಶುರು ಮಾಡಿದರು. ಜನ ತುಂಬ ನೊಂದುಕೊಂಡರು. ಅದೇ ಕಾಲದಲ್ಲಿ ಹೆದ್ದಾರಿಗಾಗಿ, ನಗರ ನವೀಕರಣದ ಹೆಸರಿನಲ್ಲಿ ಸರ್ಕಾರದ ದುಡ್ಡಲ್ಲೇ ಹಳೇ ಬೀದಿಗಳು ನೆಲಸಮವಾಗುತ್ತಿದ್ದವು. 1966ರಲ್ಲಿ ಬಂದ ಕಾನೂನು ಮುಖ್ಯವಾಗಿ ಕಡಿವಾಣ ಹಾಕಿದ್ದು ಕೇಂದ್ರ ಸರ್ಕಾರಕ್ಕೆ, ಮನೆ ಮಾಲೀಕರಿಗಲ್ಲ. ಕೇಂದ್ರದ ದುಡ್ಡು, ಲೈಸೆನ್ಸ್ ಅಥವಾ ಪರ್ಮಿಟ್ ಸೇರಿದ ಯಾವುದೇ ಕೆಲಸ ಇರಲಿ, ಐತಿಹಾಸಿಕ ಜಾಗಕ್ಕೆ ಏನು ಪೆಟ್ಟಾಗುತ್ತದೆ ಅಂತ ಮೊದಲು ಯೋಚಿಸಬೇಕು, ಸಂಬಂಧಪಟ್ಟವರ ಮಾತು ಕೇಳಬೇಕು. ಇದನ್ನು 'ಸೆಕ್ಷನ್ 106' ಅನ್ನುತ್ತಾರೆ. ಖಾಸಗಿ ಆಸ್ತಿಯ ಮಾಲೀಕರು ಬೇಡ ಅಂದರೆ ಅದನ್ನು ಪಟ್ಟಿಗೆ ಸೇರಿಸುವುದೂ ಇಲ್ಲ.

ನೀವು ಮನೆ ನೋಡಿರುವ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲೇ ಇದರ ಉದಾಹರಣೆಗಳು ಕಣ್ಣೆದುರಿಗಿವೆ. (ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ.) ಇಲ್ಲಿ ನೂರಕ್ಕೂ ಜಾಸ್ತಿ ಜಾಗಗಳು ಪಟ್ಟಿಯಲ್ಲಿವೆ. 1797ರ ಪೆರಾಲ್ಟಾ ಅಡೋಬಿ ಎಂಬ ಮಣ್ಣಿನ ಇಟ್ಟಿಗೆಯ ಮನೆ ಇದೆ. ಊರಿಂದ ಅಪ್ಪ ಅಮ್ಮ ಬಂದಾಗ ಎಲ್ಲರೂ ಕರೆದುಕೊಂಡು ಹೋಗುವ ವಿಂಚೆಸ್ಟರ್ ಮಿಸ್ಟರಿ ಹೌಸ್ ಇದೆ.

ಪಾಲೊ ಆಲ್ಟೊದ ಅಡಿಸನ್ ಅವೆನ್ಯೂನಲ್ಲಿ ಒಂದು ಗ್ಯಾರೇಜ್ ಇದೆ. ನನ್ನಮ್ಮ ಬಂದಾಗ ಅವರಿಗೆ ತೋರಿಸಿದ್ದೆ. ಒಳಗೆ ಬಿಡುವುದಿಲ್ಲ, ಫುಟ್‌ಪಾತ್ ಮೇಲೆ ನಿಂತು ನೋಡಬೇಕು. ರಸ್ತೆ ಬದಿಯಲ್ಲೊಂದು ಫಲಕ, ಮನೆಯ ಪಕ್ಕದಲ್ಲಿ ಕಾರು ಹೋಗುವಷ್ಟು ದಾರಿ, ಅದರ ಕೊನೆಯಲ್ಲಿ ಪುಟ್ಟ ಮರದ ಶೆಡ್ಡು. 12 ಅಡಿ ಅಗಲ, 18 ಅಡಿ ಉದ್ದ. "ನಮ್ಮ ಸೌದೆ ಕೊಟ್ಟಿಗೆ ಇದಕ್ಕಿಂತ ದೊಡ್ಡದಿತ್ತಲ್ವೇನೋ" ಅಂದರು ಅಮ್ಮ. ಆ ಶೆಡ್ಡಿನಲ್ಲಿ 1938ರಲ್ಲಿ ಎಚ್‌ಪಿ ಕಂಪನಿ ಕಟ್ಟಿದ ಹ್ಯೂಲೆಟ್ ಮತ್ತು ಪ್ಯಾಕರ್ಡ್ 538 ಡಾಲರ್ ಬಂಡವಾಳದಲ್ಲಿ ಕೆಲಸ ಶುರು ಮಾಡಿದರು. ಪ್ಯಾಕರ್ಡ್ ದಂಪತಿ ಮುಂದಿನ ಮನೆಯ ಕೆಳ ಅಂತಸ್ತಿನಲ್ಲಿ ಬಾಡಿಗೆಗಿದ್ದರು. ಹ್ಯೂಲೆಟ್ ಮಲಗುತ್ತಿದ್ದದ್ದು ಹಿತ್ತಲಿನ ಒಂದು ಸಣ್ಣ ಗುಡಿಸಲಿನಂಥ ಕೋಣೆಯಲ್ಲಿ. ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಸುಮಾರು ಹೊತ್ತು ಸುಮ್ನೆ ನೋಡುತ್ತಾ ನಿಂತರು. ಈ ಗ್ಯಾರೇಜ್ ನ್ಯಾಷನಲ್ ರಿಜಿಸ್ಟರ್‌ಗೆ ಸೇರಿದ್ದು 2007ರಲ್ಲಿ. ಅಷ್ಟರಲ್ಲಿ ಎಚ್‌ಪಿ ಕಂಪನಿಯೇ ಆ ಆಸ್ತಿ ಕೊಂಡು ರಿಪೇರಿ ಮಾಡಿಸಿ ಮುಗಿಸಿತ್ತು. ಅದನ್ನು ಉಳಿಸಿದ್ದು ಪಟ್ಟಿಯಲ್ಲ, ಮಾಲೀಕರ ಮನಸ್ಸು.

ಪಟ್ಟಿ ಕೆಲಸಕ್ಕೆ ಬಂದದ್ದು ನೋಡಬೇಕಾದರೆ ಮಾಫೆಟ್ ಫೀಲ್ಡ್ ಎಂಬ ನೌಕಾಪಡೆಯ ಹಳೇ ವಿಮಾನ ನೆಲೆಗೆ ಬನ್ನಿ. 101 ಹೆದ್ದಾರಿಯಲ್ಲಿ ಮೌಂಟನ್ ವ್ಯೂ ಹತ್ತಿರ ಕಾಣುವ ಆ ದೈತ್ಯ ಕಟ್ಟಡವೇ ಹ್ಯಾಂಗರ್ ಒನ್. ಉದ್ದ 1,133 ಅಡಿ, ಎತ್ತರ 198 ಅಡಿ. ನೌಕಾಪಡೆಯ 'ಮೇಕನ್' ಎಂಬ 785 ಅಡಿ ಉದ್ದದ ವಾಯುನೌಕೆಗಾಗಿ 1933ರ ಹೊತ್ತಿಗೆ ಕಟ್ಟಿದ ಗೂಡು ಅದು. ಮೇಕನ್ 1935ರ ಫೆಬ್ರವರಿಯಲ್ಲೇ ಸಮುದ್ರಕ್ಕೆ ಬಿತ್ತು. ಗೂಡು ಉಳಿಯಿತು. 1994ರಲ್ಲಿ ಆ ಜಾಗ ಪಟ್ಟಿಗೆ ಸೇರಿತು. ಆಮೇಲೆ ಅದರ ಹೊರ ಹೊದಿಕೆಯಲ್ಲಿ ಪಿಸಿಬಿ ಎಂಬ ವಿಷ ರಾಸಾಯನಿಕ ಪತ್ತೆಯಾಯಿತು. 2006ರಲ್ಲಿ ನೌಕಾಪಡೆ ಕೆಡವೋಣ ಅಂದಿತು. ಇದು ಸರ್ಕಾರದ ಆಸ್ತಿಯಾದ್ದರಿಂದ ಸುಮ್ಮನೆ ಕೆಡವುವ ಹಾಗಿರಲಿಲ್ಲ, ಜನರ ಮಾತು ಕೇಳಲೇಬೇಕಿತ್ತು. ಊರಿನವರು ಸಭೆ ಸಭೆಗೂ ಹೋಗಿ ಬೇಡ ಅಂದರು. ಕೊನೆಗೆ ಹೊದಿಕೆ ಮಾತ್ರ ಕಿತ್ತರು. ವರ್ಷಗಟ್ಟಲೆ ಉಕ್ಕಿನ ಅಸ್ಥಿಪಂಜರ ಹಾಗೇ ನಿಂತಿತ್ತು. 2014ರಲ್ಲಿ ಗೂಗಲ್‌ನ ಅಂಗಸಂಸ್ಥೆಯೊಂದು 60 ವರ್ಷದ ಗುತ್ತಿಗೆಗೆ ಒಪ್ಪಿಕೊಂಡಿತು. ಹ್ಯಾಂಗರ್‌ಗೆ ಮತ್ತೆ ಹೊದಿಕೆ ಹಾಕಬೇಕು ಅನ್ನುವುದು ಆ ಕರಾರಿನಲ್ಲೇ ಇತ್ತು.

ಉಳಿಯದೇ ಹೋದದ್ದೂ ಇದೆ. ಸ್ಯಾನ್ ಹೊಸೆಯಲ್ಲಿ ಐಬಿಎಂನ 25ನೇ ನಂಬರ್ ಕಟ್ಟಡ ಇತ್ತು, ಹಾರ್ಡ್ ಡಿಸ್ಕ್ ಸಂಶೋಧನೆ ನಡೆದ ಜಾಗ. ಅಂಗಡಿ ಕಟ್ಟಲು ಅದನ್ನು ಕೆಡವಬಹುದು ಅಂತ ಸಿಟಿ ಕೌನ್ಸಿಲ್ ಒಪ್ಪಿತು, ಪರಂಪರೆ ಉಳಿಸುವವರು ಕೋರ್ಟಿಗೆ ಹೋದರು. ವ್ಯಾಜ್ಯದ ನಡುವೆ ಖಾಲಿ ಬಿದ್ದಿದ್ದ ಆ ಕಟ್ಟಡ 2008ರಲ್ಲಿ ಬೆಂಕಿಗೆ ಆಹುತಿಯಾಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ನಿಮ್ಮ ಮನೆಯ ವಿಷಯ. ಸಿಟಿಯ ಪ್ಲಾನಿಂಗ್ ಆಫೀಸಿಗೆ ವಿಳಾಸ ಕೊಟ್ಟು ಕೇಳಿ: ಈ ಮನೆ ಸಿಟಿಯ ಸ್ವಂತ ಪಟ್ಟಿಯಲ್ಲೂ ಇದೆಯಾ? ಸ್ಯಾನ್ ಹೊಸೆಯಲ್ಲಿ 'ಸಿಟಿ ಲ್ಯಾಂಡ್‌ಮಾರ್ಕ್' ಅನ್ನಿಸಿಕೊಂಡ ಮನೆಯ ಹೊರಗಡೆ ಬದಲಾವಣೆ ಮಾಡಬೇಕಾದರೆ ಪ್ರತ್ಯೇಕ ಪರ್ಮಿಟ್ ಬೇಕು. ಕಿಟಕಿಯ ಪ್ರಶ್ನೆ ಬರುವುದು ಅಲ್ಲಿಯೇ. ಹೆನ್ಸ್ಲಿಯಂಥ ಬಡಾವಣೆ ಎರಡೂ ಪಟ್ಟಿಯಲ್ಲಿದೆ. ಬೀದಿ ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಪ್ರತಿ ಮನೆಯೂ ಐತಿಹಾಸಿಕ ಅಂತಲೂ ಅಲ್ಲ. ನಡುವೆ ಆಮೇಲೆ ಕಟ್ಟಿದ ಮನೆಗಳೂ ಇರುತ್ತವೆ, ನೀವು ನೋಡಿರುವುದು ಯಾವ ಗುಂಪಿನದು ಅಂತ ಕೇಳಿಕೊಳ್ಳಿ. ಪಟ್ಟಿಯಲ್ಲಿಲ್ಲದ ಮನೆಗೂ ಮಾಮೂಲಿ ಬಿಲ್ಡಿಂಗ್ ಪರ್ಮಿಟ್ ಬೇಕಾಗಬಹುದು, ಅದು ಬೇರೆ ಮಾತು. ಕೆಡವುವ ಯೋಚನೆಯಿದ್ದರೆ ರಾಜ್ಯದ ಪರಿಸರ ಕಾನೂನಿನ ವಿಚಾರಣೆಯೂ ಎದುರಾಗುತ್ತದೆ. ಅದು ವರ್ಷಗಟ್ಟಲೆ ಎಳೆಯಬಹುದು.

ದುಡ್ಡಿನ ಅನುಕೂಲದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ರಿಪೇರಿ ಖರ್ಚಿನ ಶೇ. 20ರಷ್ಟನ್ನು ತೆರಿಗೆಯಲ್ಲಿ ಕಳೆಯುವ ಕೇಂದ್ರದ ಸೌಲಭ್ಯ ಆದಾಯ ತರುವ ಕಟ್ಟಡಗಳಿಗೆ ಮಾತ್ರ. ನೀವೇ ವಾಸ ಮಾಡುವ ಮನೆಗೆ ಸಿಗುವುದಿಲ್ಲ. ನಿಮಗೆ ಉಪಯೋಗವಾಗುವುದು ಕ್ಯಾಲಿಫೋರ್ನಿಯಾದ 'ಮಿಲ್ಸ್ ಆಕ್ಟ್'. ಮನೆಯನ್ನು ಸರಿಯಾಗಿ ನೋಡಿಕೊಳ್ಳುತ್ತೇವೆ ಅಂತ ಸಿಟಿ ಜೊತೆ ಕನಿಷ್ಠ 10 ವರ್ಷದ ಕರಾರು ಮಾಡಿಕೊಂಡರೆ ಆಸ್ತಿ ತೆರಿಗೆ ಇಳಿಯುತ್ತದೆ, ಎಷ್ಟೋ ಸಲ ಚೆನ್ನಾಗಿಯೇ ಇಳಿಯುತ್ತದೆ. ಮನೆ ಕೈ ಬದಲಾದರೂ ಕರಾರು ಮನೆಯ ಜೊತೆಗೇ ಹೋಗುತ್ತದೆ. ಹಾಗಾಗಿ ಹಳೇ ಮಾಲೀಕರು ಅದಕ್ಕೆ ಸಹಿ ಹಾಕಿದ್ದಾರಾ ಅಂತ ಮುಂಗಡ ಕೊಡುವ ಮೊದಲೇ ವಿಚಾರಿಸಿ.