ಪಹಣಿ ಹಿಡಿದು ಮುತ್ತಜ್ಜನವರೆಗೆ: ಮನೆತನದ ಇತಿಹಾಸ ಹುಡುಕುವವರಿಗೆ ಟಿಪ್ಪಣಿ

ವಂಶಾವಳಿ ಹುಡುಕುವುದು ಹೇಗೆಂದು ತಿಳಿಸುವ ವಿದೇಶಿ ಕೈಪಿಡಿಗಳು ಹೆಚ್ಚಾಗಿ ಜನಗಣತಿಯಿಂದಲೋ ಚರ್ಚಿನ ದಾಖಲೆಯಿಂದಲೋ ಆರಂಭವಾಗುತ್ತವೆ. ಕರ್ನಾಟಕದ ಬಹುಪಾಲು ಮನೆತನಗಳಿಗೆ ಆ ದಾರಿ ಇಲ್ಲ. ನಮ್ಮ ಜನಗಣತಿಯ ಮನೆವಾರು ವಿವರ ಗೋಪ್ಯ. ಹಳೆಯ ಗಣತಿ ವರದಿಗಳಲ್ಲಿ ಊರು, ಜಾತಿ, ಕಸುಬುಗಳ ಒಟ್ಟು ಅಂಕಿಗಳಿವೆ, ವ್ಯಕ್ತಿಗಳ ಹೆಸರಿಲ್ಲ. ನಮ್ಮಲ್ಲಿ ಹೆಸರು, ತಂದೆಯ ಹೆಸರು, ಊರು ಈ ಮೂರನ್ನೂ ಒಟ್ಟಿಗೆ ಬರೆದಿಟ್ಟದ್ದು ಜಮೀನಿನ ಕಾಗದ. ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿ, ಇಂದಿನಿಂದ ಹಿಂದಕ್ಕೆ ಹೋಗಬೇಕು.

ಮೊದಲು ಮನೆಯಲ್ಲಿ

ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ತಾತ, ಮುತ್ತಾತ ಮೂವರ ಹೆಸರೂ ಗೋತ್ರವೂ ಸಂಕಲ್ಪದಲ್ಲೇ ಬರುತ್ತವೆ. ಅದನ್ನು ಹಾಗೆಯೇ ಬರೆದುಕೊಳ್ಳಿ. ತಿಥಿ ಯಾವ ಮಾಸ, ಯಾವ ಪಕ್ಷ ಎಂಬುದೂ ಬೇಕು. ತೀರಿಹೋದ ವರ್ಷ ಮರೆತಿದ್ದರೂ ತಿಥಿ ನೆನಪಿರುತ್ತದೆ, ವರ್ಷ ಬೇರೆ ಕಡೆಯಿಂದ ಸಿಕ್ಕಾಗ ಪಂಚಾಂಗ ನೋಡಿ ದಿನಾಂಕ ಗೊತ್ತುಮಾಡಬಹುದು. ಜಾತಕ, ಲಗ್ನಪತ್ರಿಕೆ, ಹಳೆಯ ಕಂದಾಯ ರಸೀದಿ, ಶಾಲೆಯ ಟಿ.ಸಿ. ಎಲ್ಲದರ ಫೋಟೊ ತೆಗೆದಿಡಿ. ಶಾಲಾ ದಾಖಲೆಯ ಜನ್ಮದಿನ ಜೂನ್ 1 ಎಂದಿದ್ದರೆ ನಂಬಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಬರೆದದ್ದೇ ಹೆಚ್ಚು.

ಜಾತಕದಲ್ಲಿ ಇಸವಿಯ ಬದಲು ಸಂವತ್ಸರ ಇರುತ್ತದೆ. ಪ್ರಭವ ಸಂವತ್ಸರ 1867, 1927, 1987ರ ಯುಗಾದಿಗಳಂದು ಶುರುವಾಯಿತು. ಅರವತ್ತು ಸಂವತ್ಸರಗಳ ಪಟ್ಟಿಯಲ್ಲಿ ನಿಮ್ಮ ಸಂವತ್ಸರ ಎಷ್ಟನೆಯದೆಂದು ನೋಡಿ, ಅದರಲ್ಲಿ ಒಂದು ಕಳೆದು, ಉಳಿದದ್ದನ್ನು ಈ ಇಸವಿಗಳಲ್ಲೊಂದಕ್ಕೆ ಕೂಡಿಸಿ. ಸೌಮ್ಯ 43ನೆಯದು, ಹಾಗಾಗಿ 1867ಕ್ಕೆ 42 ಸೇರಿ 1909. ಮುಂದಿನ ಆವರ್ತದಲ್ಲಿ 1969. ಇವೆರಡರಲ್ಲಿ ಯಾವುದೆಂಬುದು ತಲೆಮಾರಿನ ಲೆಕ್ಕದಿಂದ ತಿಳಿಯುತ್ತದೆ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ: ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿಗೆ ಅಲ್ಲ. ಸೌಮ್ಯ ಸಂವತ್ಸರದ ಮಾಘ ಶುದ್ಧ ಪಂಚಮಿ 1909ರಲ್ಲಿ ಬರುವುದಿಲ್ಲ, 1910ರ ಫೆಬ್ರವರಿಯಲ್ಲಿ ಬರುತ್ತದೆ.

ಭೂಮಿ ತಾಣದಲ್ಲಿ ಏನು ನೋಡಬೇಕು

ಕಂದಾಯ ಇಲಾಖೆಯ ಭೂಮಿ ತಾಣದಲ್ಲಿ ಪಹಣಿಯನ್ನು ತೆರೆದು ನೋಡಲು ಹಣ ಕಟ್ಟಬೇಕಿಲ್ಲ. ಸಹಿಯಿರುವ ಪ್ರತಿಗೆ ಮಾತ್ರ ಶುಲ್ಕ, ನಮ್ಮ ಕೆಲಸಕ್ಕೆ ಅದು ಬೇಡ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಮತ್ತು ಹಿಸ್ಸಾ (ಅದರೊಳಗಿನ ಪಾಲಿನ) ನಂಬರ್ ಕೊಡಿ. ಜಮೀನು ಎಲ್ಲಿದೆಯೆಂದು ಗೊತ್ತಿದ್ದು ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ದಿಶಾಂಕ್ ಆಪ್ ಇರುವ ಮೊಬೈಲ್ ಹಿಡಿದು ಆ ಹೊಲದಲ್ಲಿ ನಿಂತರೆ ಸಾಕು, ನಂಬರ್ ತೋರಿಸುತ್ತದೆ.

ಪಹಣಿಯ (ಉತ್ತರ ಕರ್ನಾಟಕದವರ ಉತಾರದ) ಕಲಂ 9ರಲ್ಲಿ ಕಬ್ಜೆದಾರನ (ಜಮೀನಿನ ಒಡೆಯನ) ಹೆಸರು ಮತ್ತು ತಂದೆಯ ಹೆಸರಿದೆ. ‘ಬಿನ್’ ಇದ್ದರೆ ಮಗ, ‘ಕೋಂ’ ಇದ್ದರೆ ಹೆಂಡತಿ. ಕಲಂ 10 ಆ ಜಮೀನು ಅವರಿಗೆ ಹೇಗೆ ಬಂತೆಂದು ಹೇಳುತ್ತದೆ: ಪೌತಿ (ಒಡೆಯ ತೀರಿಕೊಂಡ ಮೇಲೆ ವಾರಸುದಾರರಿಗೆ ಬಂದದ್ದು), ವಿಭಾಗ, ಕ್ರಯ, ದಾನ, ಜತೆಗೆ ಎಂ.ಆರ್. (ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ವಹಿ) ಸಂಖ್ಯೆ ಮತ್ತು ವರ್ಷ. ವಂಶಾವಳಿಗೆ ಬೇಕಾದ ಚಿನ್ನ ಈ ಕಲಮಿನಲ್ಲಿದೆ. ಪೌತಿ ಎಂದಿದ್ದರೆ ತೀರಿಕೊಂಡವರ ಹೆಸರು ಮತ್ತು ವಾರಸುದಾರರ ಹೆಸರು ಒಂದೇ ಮ್ಯುಟೇಶನ್‌ನಲ್ಲಿ ಸಿಗುತ್ತವೆ. ವಿಭಾಗ ಎಂದಿದ್ದರೆ ಅಣ್ಣತಮ್ಮಂದಿರ ಪಟ್ಟಿ ಸಿಗುತ್ತದೆ. ಆದರೆ ಪೌತಿಯ ವರ್ಷವೇ ಮರಣದ ವರ್ಷ ಎಂದು ಬರೆಯಬೇಡಿ. ಅಪ್ಪ ತೀರಿಕೊಂಡು ಎಷ್ಟೋ ವರ್ಷ ಕಳೆದ ಮೇಲೆ, ಬ್ಯಾಂಕ್ ಸಾಲಕ್ಕೆ ಅಗತ್ಯ ಬಿದ್ದಾಗಷ್ಟೇ ಖಾತೆ ಬದಲಾಯಿಸಿಕೊಂಡ ಮನೆಗಳು ಲೆಕ್ಕವಿಲ್ಲದಷ್ಟಿವೆ. ‘ಆ ವರ್ಷಕ್ಕಿಂತ ಮೊದಲು’ ಎಂದಷ್ಟೇ ಗುರುತು ಹಾಕಿ.

ಇನ್ನೊಂದು ಉಪಾಯ: ನಿಮ್ಮ ಹಿಸ್ಸಾ 45/2 ಆಗಿದ್ದರೆ 45/1, 45/3, 45/4 ಎಲ್ಲವನ್ನೂ ತೆರೆಯಿರಿ. ಪೋಡಿ ಆಗುವ (ಅಳೆದು ಪಾಲು ಮಾಡುವ) ಮೊದಲು ಅದು ಒಂದೇ ಜಮೀನು. ಪಕ್ಕದ ಹಿಸ್ಸೆಗಳಲ್ಲಿ ಸಂಪರ್ಕ ತಪ್ಪಿಹೋದ ದಾಯಾದಿಗಳ ಕವಲುಗಳು ಸಿಗುವ ಸಂಭವ ಹೆಚ್ಚು.

ಆನ್‌ಲೈನ್ ಪಹಣಿ ಗಣಕೀಕರಣವಾದ ಕಾಲದಿಂದ ಈಚೆಗೆ, ಅಂದರೆ ಸುಮಾರು 2000ದಿಂದ ಮಾತ್ರ. ಅದಕ್ಕೂ ಹಿಂದಿನದು ಕೈಬರಹದ ಪಹಣಿ, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತದೆ. ಭೂಸುರಕ್ಷಾ ಯೋಜನೆಯಲ್ಲಿ ಇವನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಅರ್ಜಿಯಲ್ಲಿ ‘ಹಳೆಯ ದಾಖಲೆ ಕೊಡಿ’ ಎಂದು ಬರೆದರೆ ಕೆಲಸವಾಗದು. ಗ್ರಾಮ, ಸರ್ವೆ ನಂಬರ್, ಬೇಕಾದ ವರ್ಷಗಳು, ಆನ್‌ಲೈನ್‌ನಲ್ಲಿ ಕಂಡ ಅತಿ ಹಳೆಯ ಎಂ.ಆರ್. ಸಂಖ್ಯೆ, ಇಷ್ಟನ್ನೂ ಬರೆಯಿರಿ.

ಜಮೀನಿಲ್ಲದ ಮನೆತನಗಳು

ಭೂದಾಖಲೆಯ ದೊಡ್ಡ ಅನ್ಯಾಯವೆಂದರೆ ದುಡಿದವರ ಹೆಸರು ಅದರಲ್ಲಿ ಕಡಿಮೆ. ಹಾಗೆಂದು ಕೈಬಿಡಬೇಕಿಲ್ಲ. ಹಳೆಯ ಪಹಣಿಯ ಕಲಂ 12ರಲ್ಲಿ ಸಾಗುವಳಿದಾರನ ಹೆಸರು ಬರುತ್ತದೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದ ಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂನ್ಯಾಯ ಮಂಡಳಿಯ ಕಡತದಲ್ಲಿ ಉಳುವವನ ಮನೆಯವರ ಹೇಳಿಕೆಗಳೂ ಇರಬಹುದು. ತಳವಾರಿಕೆ, ತೋಟಿ, ನೀರಗಂಟಿಯಂಥ ಕೆಲಸ ಮಾಡಿಕೊಂಡಿದ್ದ ಮನೆಗಳಿಗೆ ಆ ಊರ ಸೇವೆಗೆಂದು ಕೊಟ್ಟ ಇನಾಮು ಜಮೀನಿನ ಮರುಮಂಜೂರಾತಿ ಕಡತವೇ ಮೊದಲ ದಾಖಲೆ.

ಹೆಣ್ಣುಮಕ್ಕಳ ಹೆಸರು ಹುಡುಕುವುದು ಎಲ್ಲಕ್ಕಿಂತ ಕಷ್ಟ. ಗಂಡನ ಹೆಸರಿನ ಹಿಂದೆ ತವರು ಮರೆಯಾಗಿಬಿಡುತ್ತದೆ. ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕದ 1994ರ ತಿದ್ದುಪಡಿ ಮತ್ತು ದೇಶಕ್ಕೆಲ್ಲ ಅನ್ವಯಿಸಿದ 2005ರ ತಿದ್ದುಪಡಿಯ ನಂತರದ ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಮಗಳ ಹೆಸರು ಹೆಚ್ಚಾಗಿ ಬರುತ್ತದೆ. ಅಳಿಯಸಂತಾನದ ತುಳುನಾಡಿನ ಮನೆಗಳಲ್ಲಂತೂ ತಂದೆಯ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಅಲ್ಲಿ ಸೋದರಮಾವನಿಂದ ಅಳಿಯನಿಗೆ ಹೋದ ಆಸ್ತಿಯ ಜಾಡನ್ನೇ ಹಿಡಿಯಬೇಕು.

ಮತದಾರರ ಪಟ್ಟಿ

ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿ 2002ರ ಪಟ್ಟಿ ಉಚಿತವಾಗಿ ಸಿಗುತ್ತದೆ. ಮನೆ ನಂಬರ್ ಪ್ರಕಾರ ಜೋಡಿಸಿರುವುದರಿಂದ ಆಗ ಒಂದೇ ಮನೆಯಲ್ಲಿದ್ದವರೆಲ್ಲ ಒಟ್ಟಿಗೆ ಕಾಣುತ್ತಾರೆ. ಅಲ್ಲಿ 75 ವರ್ಷ ಎಂದಿದ್ದವರು ಸುಮಾರು 1927ರಲ್ಲಿ ಹುಟ್ಟಿದವರು, ವಯಸ್ಸನ್ನು ಐದು-ಹತ್ತಕ್ಕೆ ಸರಿಹೊಂದಿಸಿ ಬರೆದಿರುವ ಸಾಧ್ಯತೆಯೂ ಇದೆ. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾದ್ದರಿಂದ ಊರನ್ನು ಹಳೆಯ ಕ್ಷೇತ್ರದ ಕೆಳಗೆ ಹುಡುಕಿ. ಪುಟಗಳು ಚಿತ್ರರೂಪದಲ್ಲಿದ್ದರೆ ಹೆಸರು ಟೈಪ್ ಮಾಡಿ ಹುಡುಕಲಾಗದು, ಒಂದೊಂದೇ ಪುಟ ಓದಬೇಕು.

ತಪ್ಪಾಗುವುದು ಎಲ್ಲಿ

ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ‘ರಾಮಪ್ಪ ಬಿನ್ ತಿಮ್ಮಪ್ಪ’, ‘ತಿಮ್ಮಪ್ಪ ಬಿನ್ ರಾಮಪ್ಪ’, ಮತ್ತೆ ‘ರಾಮಪ್ಪ ಬಿನ್ ತಿಮ್ಮಪ್ಪ’ ಎಂದು ಸರಪಳಿ ಸಾಗುತ್ತದೆ. ಮೊದಲನೆಯ ಮತ್ತು ಮೂರನೆಯ ರಾಮಪ್ಪನನ್ನು ಒಬ್ಬನೇ ಎಂದುಕೊಂಡರೆ ಎರಡು ತಲೆಮಾರು ಕಾಣೆಯಾಗುತ್ತವೆ. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದು ಪ್ರತಿ ಹೆಸರನ್ನೂ ಪರೀಕ್ಷಿಸಿ. ತಂದೆ-ಮಗ ಎಂಬ ಪ್ರತಿ ಕೊಂಡಿಗೂ ಕಡೇಪಕ್ಷ ಎರಡು ಬೇರೆ ಬೇರೆ ದಾಖಲೆ ಇರಲಿ. ಒಂದೇ ಇದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

1956ಕ್ಕೆ ಮೊದಲು ನಿಮ್ಮ ಊರು ಯಾರ ಆಡಳಿತದಲ್ಲಿತ್ತೆಂದು ತಿಳಿಯದೆ ಹಿಂದಕ್ಕೆ ಹೋಗಬೇಡಿ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು, ಅಲ್ಲಿನ ಹಳೆಯ ಕಾಗದ ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿರಬಹುದು. ಬೀದರ್, ಕಲಬುರಗಿ, ರಾಯಚೂರು ನಿಜಾಮರದು, ಅಲ್ಲಿ ಉರ್ದು ಎದುರಾಗುತ್ತದೆ. ದಕ್ಷಿಣ ಕನ್ನಡ ಮದ್ರಾಸಿನದು, ಕೊಡಗು ಪ್ರತ್ಯೇಕ. ಉತ್ತರ ಕನ್ನಡ 1862ರವರೆಗೆ ಮದ್ರಾಸಿನಲ್ಲಿದ್ದು ಆಮೇಲೆ ಮುಂಬೈಗೆ ಸೇರಿತು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು. ಹಿರಿಯರು ಹೇಳುವ ಮೂಲ ಊರು ಇವತ್ತು ಎಲ್ಲೂ ಕಾಣದಿದ್ದರೆ ಅದು ಬೇಚರಾಕ್ (ಜನವಸತಿಯಿಲ್ಲದ) ಗ್ರಾಮವಾಗಿರಬಹುದು. ಜನ ಬಿಟ್ಟುಹೋಗಿದ್ದರೂ ಭೂಮಿ ತಾಣದ ಗ್ರಾಮಪಟ್ಟಿಯಲ್ಲಿ ಆ ಹೆಸರು ಉಳಿದಿರುತ್ತದೆ.

ಇನ್ನಷ್ಟು ಹಿಂದಕ್ಕೆ

ಉತ್ತರ ಕರ್ನಾಟಕದ ಮನೆತನಗಳಿಗೆ ಹೆಳವರ ಹೊತ್ತಗೆ ಯಾವ ಜಾಲತಾಣಕ್ಕೂ ಕಡಿಮೆಯಲ್ಲ. ಎತ್ತಿನ ಮೇಲೆ ಬಂದು ವಂಶಾವಳಿ ಓದುವ, ಹೊಸ ಮಕ್ಕಳ ಹೆಸರು ಬರೆದುಕೊಳ್ಳುವ ಹೆಳವರಲ್ಲಿ ನಿಮ್ಮ ಮನೆತನಕ್ಕೆ ಬರುವವರು ಯಾರು, ಯಾವ ತಿಂಗಳು ಬರುತ್ತಾರೆ ಎಂದು ಊರಿನ ಹಿರಿಯರನ್ನು ಕೇಳಿ. ಅವರ ಒಪ್ಪಿಗೆ ಪಡೆದು ಓದನ್ನು ಪೂರ್ತಿ ಧ್ವನಿಮುದ್ರಿಸಿಕೊಳ್ಳಿ. ಹತ್ತಿರದ ತಲೆಮಾರುಗಳನ್ನು ಪಹಣಿಯೊಂದಿಗೆ ಹೋಲಿಸಿದರೆ ಹಿಂದಿನವುಗಳನ್ನು ಎಷ್ಟು ನಂಬಬಹುದೆಂದು ತಿಳಿಯುತ್ತದೆ.

ಕ್ರೈಸ್ತ ಮನೆತನಗಳು ಉಚಿತ ಫ್ಯಾಮಿಲಿಸರ್ಚ್ ತಾಣದಲ್ಲಿ ಭಾರತದ ದೀಕ್ಷಾಸ್ನಾನ, ಮದುವೆ, ಮರಣಗಳ ಸೂಚಿ ನೋಡಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪತ್ರಾಗಾರದ ಚಿತ್ರಗಳೂ ನಕ್ಷೆಗಳೂ ಜಾಲದಲ್ಲಿವೆ. ಮಹಾಯುದ್ಧಗಳಲ್ಲಿ ಮಡಿದ ಸೈನಿಕರ ಹೆಸರನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ತಾಣದಲ್ಲಿ ಹುಡುಕಬಹುದು. ಇಂಥ ತಾಣಗಳಲ್ಲಿ ಇಂಗ್ಲಿಷ್ ಕಾಗುಣಿತ ಒಂದೇ ಬಗೆ ಇರುವುದಿಲ್ಲ. ಗೌಡ, ಶೆಟ್ಟಿ, ಭಟ್ಟ ಎಂಬ ಹೆಸರುಗಳನ್ನು ಮೂರು ನಾಲ್ಕು ರೀತಿ ಬರೆದು ನೋಡಿ. ಮಡಿಕೇರಿಯನ್ನು ಮರ್ಕರಾ ಎಂದೂ ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಎಂದೂ ಹುಡುಕಿ.

ಫ್ಯಾಮಿಲಿಸರ್ಚ್‌ನ ವಂಶವೃಕ್ಷ ಎಲ್ಲರಿಗೂ ಸೇರಿದ ಒಂದೇ ಮರ. ತೀರಿಹೋದವರ ವಿವರವನ್ನು ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ಕಂಡ ಹೆಸರಿಗೆ ಮೂಲ ದಾಖಲೆ ಲಗತ್ತಿಸಿದ್ದಾರೆಯೇ ನೋಡಿದ ಮೇಲಷ್ಟೇ ನಿಮ್ಮ ಪಟ್ಟಿಗೆ ಸೇರಿಸಿ, ನಿಮ್ಮ ಪಟ್ಟಿಯ ಮೂಲಪ್ರತಿಯನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ.