ಓದುಗರ ಪ್ರಶ್ನೆ: ಸೀಟು ಖಾಲಿ ಇದ್ದರೂ ಲಗೇಜು ಯಾಕೆ ಬಿಟ್ಟು ಹೋಗ್ತಾರೆ?

ಸಿರುಗುಪ್ಪದ ಓದುಗರೊಬ್ಬರು ಕೇಳಿದ್ದಾರೆ: "ಸರ್, ಮೇ ತಿಂಗಳ ಮಧ್ಯಾಹ್ನ. ಫ್ಯಾನ್ ವಿಮಾನದಲ್ಲಿ ಸೀಟು ಖಾಲಿ ಇತ್ತು. ಆದ್ರೂ ನಮ್ಮ ಎರಡು ಬ್ಯಾಗ್ ಹಾಕಲಿಲ್ಲ. ಆ ವಿಮಾನಕ್ಕೆ ಶಕ್ತಿ ಕಡಿಮೆನಾ?"

ಬಹುಶಃ ಶಕ್ತಿಯ ತಪ್ಪಲ್ಲ, ಗಾಳಿಯ ತಪ್ಪು. ಆವ್ರೊ ಹಾರಿಸುತ್ತಿದ್ದ ಕಾಲದಿಂದಲೂ ಈ ಪ್ರಶ್ನೆ ಕೇಳುತ್ತಲೇ ಬಂದಿದ್ದೇನೆ. ಕಾನ್ಪುರದ ಎಚ್‌ಎಎಲ್‌ನಲ್ಲಿ ತಯಾರಾದ, ಎರಡು ಇಂಜಿನ್ನಿನ ಟರ್ಬೊಪ್ರಾಪ್ ಅದು, ಅಂದ್ರೆ ಪ್ರೊಪೆಲ್ಲರ್ ಇರುವ, ನೀವು ಹೇಳುವ ಫ್ಯಾನ್ ವಿಮಾನ.

ಗಾಳಿ ಕಾದರೆ ಹಿಗ್ಗಿ ತೆಳುವಾಗುತ್ತದೆ. ಆಗ ಇಂಜಿನ್ನಿಗೆ ಉಸಿರು ಸಾಲದು, ಪ್ರೊಪೆಲ್ಲರಿಗೆ ಹಿಡಿತ ಸಾಲದು, ರೆಕ್ಕೆಗೆ ಆಸರೆ ಸಾಲದು. ಜೆಟ್ಟಿಗೂ ಇದೇ ಪಾಡು. ಸುಮ್ನೆ ಫ್ಯಾನನ್ನು ಬೈಯಬೇಡಿ.

ಬಳ್ಳಾರಿ ಸಮುದ್ರಮಟ್ಟಕ್ಕಿಂತ ಸುಮಾರು 500 ಮೀಟರ್ ಮೇಲಿದೆ. 40 ಡಿಗ್ರಿ ಬಿಸಿಲಲ್ಲಿ ಇಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ಸುಮಾರು ಶೇ 13ರಷ್ಟು ತೆಳು. ಪೈಲಟ್‌ಗಳ ಲೆಕ್ಕದ ಪುಸ್ತಕದಲ್ಲಿ ಮಧ್ಯಾಹ್ನದ ಬಳ್ಳಾರಿ ಹೆಚ್ಚುಕಡಿಮೆ ನಂದಿಬೆಟ್ಟದಷ್ಟು ಎತ್ತರ. ತಂಪು ಮಾತ್ರ ಇಲ್ಲ!

ಆವ್ರೊದ ರೋಲ್ಸ್ ರಾಯ್ಸ್ ಡಾರ್ಟ್ ಇಂಜಿನ್ನಿನಲ್ಲಿ ಇದಕ್ಕೊಂದು ಉಪಾಯ ಇತ್ತು. ಟೇಕಾಫ್ ಹೊತ್ತಿಗೆ ಮೆಥನಾಲ್ ಬೆರೆಸಿದ ನೀರನ್ನು ಒಳಗೆ ಚಿಮ್ಮಿಸುವುದು. ನಮ್ಮ ಮನೆಗಳ ಕಿಟಕಿಯಲ್ಲಿ ಕೂಲರ್ ಇರುತ್ತಲ್ವಾ, ಅದೇ ಕೆಲಸ. ನೀರು ಆವಿಯಾಗುತ್ತಾ ಗಾಳಿ ತಂಪಾಗುತ್ತದೆ, ತಂಪಾದ ಗಾಳಿ ದಟ್ಟವಾಗುತ್ತದೆ. ಮೆಥನಾಲ್ ಉರಿದು ಇಂಧನವೂ ಆಗುತ್ತದೆ. ನಿಮಿಷಕ್ಕೆ 15,000 ಸುತ್ತು ತಿರುಗುವ ಡಾರ್ಟ್‌ನ ಸಿಳ್ಳೆ ಕಿವಿ ಕೊರೆಯುತ್ತಿತ್ತು. ನನ್ನ ಕಣ್ಣು ಮಾತ್ರ ಎರಡೂ ಇಂಜಿನ್ನುಗಳ ತಿರುಗಿಸುವ ಬಲ ತೋರಿಸುವ ಟಾರ್ಕ್ ಮುಳ್ಳುಗಳ ಮೇಲೆ. ನೀರು ಹೋಯಿತೆಂದರೆ ಎರಡೂ ಮುಳ್ಳು ಜಿಗಿದು ಮೇಲೇಳಬೇಕು. ಒಂದು ಎದ್ದು ಇನ್ನೊಂದು ಮಲಗಿದ್ದರೆ ಅಲ್ಲೇ ಬ್ರೇಕ್.

ಇಷ್ಟು ಮಾಡಿದರೂ ತೂಕ ಇಳಿಸಬೇಕಾಗುತ್ತಿತ್ತು. ಯಾಕಂದ್ರೆ ಎರಡೂ ಇಂಜಿನ್ ಓಡುತ್ತವೆ ಅಂತ ನಂಬಿ ಲೆಕ್ಕ ಹಾಕುವ ಹಾಗಿಲ್ಲ. ಇನ್ನು ನಿಲ್ಲಿಸಲು ರನ್‌ವೇ ಸಾಲದು ಅನ್ನುವ ವೇಗ ಮುಟ್ಟಿದ ಮೇಲೆ ಒಂದು ಕೈಕೊಟ್ಟರೆ, ಉಳಿದದ್ದು ಒಂದೇ ಎಲ್ಲರನ್ನೂ ಹೊತ್ತು ಏರಬೇಕು. ಇವತ್ತಿನ ಫ್ಯಾನ್ ವಿಮಾನ ಎಟಿಆರ್‌ಗೂ ಇದೇ ನಿಯಮ. ನಿಮ್ಮ ಪಕ್ಕದ ಖಾಲಿ ಸೀಟೂ ಆ ಲೆಕ್ಕಕ್ಕೇ ಸೇರಿರಬಹುದು.

ಹೈದರಾಬಾದಿನ ಬೇಗಂಪೇಟೆ ನಿಲ್ದಾಣ ಕೂಡ ಹೆಚ್ಚುಕಡಿಮೆ ನಮ್ಮೂರಷ್ಟೇ ಎತ್ತರ. ಅಲ್ಲಿ ಒಂದು ಬೇಸಿಗೆ, ಮದುವೆಗೆ ಹೊರಟವರ ಪಾತ್ರೆ ಮೂಟೆಗಳನ್ನು ಇಳಿಸಿದೆವು. ಜೊತೆಗೆ ದೊಡ್ಡದೊಂದು ತಾಮ್ರದ ಕೊಪ್ಪರಿಗೆ. ನಮ್ಮ ಕಡೆಯ ಅಜ್ಜ ಒಬ್ಬರು ಏಣಿ ಹತ್ರ ಬಂದು ನಿಂತರು.

"ಯಪ್ಪಾ, ನಾನ ಇಳೀತೀನಿ, ಅದನ್ನ ಹತ್ತಿಸು. ನಾ ಇಲ್ದಿದ್ರೂ ಮದುವಿ ಆಗ್ತದ. ಅದಿಲ್ದಿದ್ರ ಅನ್ನ ಆಗಂಗಿಲ್ಲ."

ಅಜ್ಜನನ್ನು ಇಳಿಸಲಿಲ್ಲ. ಮರುದಿನ ಬೆಳಗ್ಗೆ 6ಕ್ಕೆ, ತಂಪು ಹೊತ್ತಲ್ಲಿ, ಅದೇ ರನ್‌ವೇಯಿಂದ ಕೊಪ್ಪರಿಗೆ ಹೊತ್ತು ಎದ್ದೆವು. ಅವತ್ತು ಒಂದು ಸೀಟೂ ಖಾಲಿ ಇರಲಿಲ್ಲ.